ಹೇಡಿ ಎನ್ನುವವರು ಎಲ್ಲಿ ನಿಂತು ಅನ್ನುತ್ತಾರೆ?

ಹೋದ ವಾರ ನಮ್ಮ ಪಟ್ಟಣದಲ್ಲಿ ಯೋಧರ ಸ್ಮರಣೆಗೆಂದು ಒಂದು ಸಭೆ ನಡೆಯಿತು. ಶಾಮಿಯಾನ, ಹಾರ, ಶಾಲು, ಧ್ವನಿವರ್ಧಕ ಯಾವುದಕ್ಕೂ ಕೊರತೆಯಿರಲಿಲ್ಲ. ಮುಖ್ಯ ಭಾಷಣ ಮಾಡಿದ ಮಹನೀಯರ ಹೆಸರನ್ನು ನಾವು ಬರೆಯುವುದಿಲ್ಲ. ಬರೆದು ಪ್ರಯೋಜನವೂ ಇಲ್ಲ. ಅಂಥವರು ಪ್ರತಿಯೊಂದು ಊರಿನಲ್ಲೂ ಒಬ್ಬೊಬ್ಬರು ಇದ್ದೇ ಇರುತ್ತಾರೆ. ಒಂದು ಗಂಟೆಗೂ ಮೇಲ್ಪಟ್ಟು ಅವರು ಆಡಿದ ಮಾತಿನ ಸಾರ ಇಷ್ಟು: ಹಿಂದಿನ ಕಾಲದ ವೀರರಿಗೆ ಭಯವೆಂದರೆ ಏನೆಂದೇ ಗೊತ್ತಿರಲಿಲ್ಲ, ಧೈರ್ಯವೆಂಬುದು ರಕ್ತದಲ್ಲಿಯೇ ಬರಬೇಕು, ಈಗಿನ ಹುಡುಗರು ಮಿಲಿಟರಿಗೆ ಸೇರುವ ಮೊದಲೇ ಸಂಬಳವೆಷ್ಟು, ಪಿಂಚಣಿಯುಂಟೋ ಇಲ್ಲವೋ ಎಂದು ಕೇಳುತ್ತಾರೆ, ಆದುದರಿಂದ ಅವರು ಹೇಡಿಗಳು.

ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿದ್ದ ಒಬ್ಬ ನಿವೃತ್ತ ಹವಾಲ್ದಾರರು ಮಾತ್ರ ಭಾಷಣದ ನಡುವೆಯೇ ಎದ್ದು, ಎದುರಿನ ಹೋಟೆಲಿಗೆ ಹೋಗಿ ಚಹಾ ಹೇಳಿ ಕುಳಿತರು. ನಾವೂ ಅವರ ಹಿಂದೆಯೇ ಹೋದೆವು. "ಭಯ ಗೊತ್ತಿಲ್ಲದವನನ್ನು ನನ್ನ ನೌಕರಿಯಲ್ಲಿ ಒಬ್ಬನನ್ನೇ ಕಂಡಿದ್ದೇನೆ, ಮಾಸ್ತರರೇ. ಅವನಿಗೆ ತಲೆ ಸರಿಯಿರಲಿಲ್ಲ. ಅವನ ಪಕ್ಕದಲ್ಲಿ ನಿಲ್ಲಲು ಯಾರಿಗೂ ಮನಸ್ಸಿರಲಿಲ್ಲ" ಎಂದರು ಅವರು.

ಮಹನೀಯರ ಭಾಷಣಕ್ಕೆ ಇಷ್ಟೇ ಉತ್ತರ ಸಾಕಾಗಿತ್ತು. ಆದರೆ ಅವರು ಪುರಾಣವನ್ನೂ ಇತಿಹಾಸವನ್ನೂ ಸಾಕ್ಷಿಗೆ ಕರೆದಿದ್ದಾರೆ. ಕರೆದ ಸಾಕ್ಷಿಗಳು ಏನು ಹೇಳುತ್ತಾರೆಂಬುದನ್ನು ಪೂರ್ತಿ ಕೇಳಿಬಿಡೋಣ.

ಉತ್ತರನ ಪೌರುಷ ಒಲೆಯ ಮುಂದೆ ಎಂಬ ಗಾದೆ ನಮ್ಮ ಓದುಗರಿಗೆಲ್ಲ ಬಾಯಿಪಾಠ. ನಾವು ಮಾಸ್ತರಿಕೆ ಮಾಡುತ್ತಿದ್ದ ಕಾಲದಲ್ಲಿ ಆ ಪಾಠ ಬಂದರೆ ಮಕ್ಕಳಿಗೆ ಹಬ್ಬ. ರಾಣಿವಾಸದ ಹೆಂಗಸರ ಎದುರಿಗೆ ಜಂಬ ಕೊಚ್ಚಿದ ರಾಜಕುಮಾರ ಕೌರವರ ಸೇನೆ ಕಣ್ಣಿಗೆ ಬಿದ್ದೊಡನೆ ರಥದಿಂದ ಧುಮುಕಿ ಓಡುವುದು, ಬೃಹನ್ನಳೆಯ ವೇಷದ ಅರ್ಜುನ ಬೆನ್ನಟ್ಟಿ ಹಿಡಿದು ತರುವುದು, ಇವನ್ನು ಓದಿ ಅವರು ನಗುತ್ತಿದ್ದರು, ನಾವೂ ನಗುತ್ತಿದ್ದೆವು. ಆಟದವರೂ ಕೀರ್ತನಕಾರರೂ ಉತ್ತರನ ಕಥೆಯನ್ನು ಅಲ್ಲಿಗೇ ಬಿಡುತ್ತಾರೆ. ಕಥೆ ಮಾತ್ರ ಅಲ್ಲಿಗೆ ನಿಲ್ಲುವುದಿಲ್ಲ. ಓಡಿಹೋದ ಆ ಹುಡುಗನೇ ಮರುಗಳಿಗೆಯಲ್ಲಿ ಅರ್ಜುನನ ಸಾರಥಿಯಾಗಿ, ಭೀಷ್ಮ ದ್ರೋಣ ಕರ್ಣರ ಬಾಣಗಳ ನಡುವೆ ಲಗಾಮು ಹಿಡಿದು ಕುಳಿತ. ಮುಂದೆ ಕುರುಕ್ಷೇತ್ರದ ಮೊದಲನೆಯ ದಿನವೇ ಆನೆಯೇರಿ ಶಲ್ಯನ ಮೇಲೆ ನುಗ್ಗಿ ಪ್ರಾಣ ಕೊಟ್ಟ. ಅವನು ಓಡಿದ ಒಂದು ಗಳಿಗೆ ಗಾದೆಯಾಗಿ ಉಳಿಯಿತು. ಸತ್ತ ದಿನ ಯಾರ ಬಾಯಲ್ಲೂ ಇಲ್ಲ. ಈ ಅನ್ಯಾಯದಲ್ಲಿ ಮಾಸ್ತರರಾಗಿದ್ದ ನಮ್ಮ ಪಾಲೂ ಇದೆ.

ಅವನನ್ನು ಹಿಡಿದು ತಂದ ಅರ್ಜುನನಿಗಾದರೂ ಏನಾಯಿತು? ಎರಡು ಸೇನೆಗಳ ನಡುವೆ ರಥ ನಿಂತಾಗ ಅವನಿಗೇ ಕೈಕಾಲು ನಡುಗಿ, ಬಾಯಿ ಒಣಗಿ, ಗಾಂಡೀವ ಕೈಜಾರಿತು. ಅದು ಸಾವಿನ ಭಯವಲ್ಲ, ಬಂಧುಗಳನ್ನು ಕೊಲ್ಲಬೇಕಲ್ಲ ಎಂಬ ಸಂಕಟ ಎಂದು ಪಂಡಿತರು ಹೇಳಬಹುದು. ಇರಲಿ. ದೇಹ ನಡುಗುವ ಬಗೆ ಒಂದೇ. ದೊಡ್ಡ ಮನೆತನದವನಾದ್ದರಿಂದ ಅವನ ನಡುಕಕ್ಕೆ ಹದಿನೆಂಟು ಅಧ್ಯಾಯಗಳ ಉಪದೇಶ ಸಿಕ್ಕಿತು. ಹೆಸರಿಲ್ಲದ ಕಾಲಾಳೊಬ್ಬ ಹಾಗೆ ಆಯುಧ ಕೆಳಗಿಟ್ಟು ಕುಳಿತಿದ್ದರೆ ಅವನಿಗೆ ಏನು ಸಿಗುತ್ತಿತ್ತೆಂಬುದನ್ನು ಓದುಗರೇ ಊಹಿಸಬಹುದು.

ಪುರಾಣ ಬೇಡ, ಇತಿಹಾಸವೇ ಬೇಕು ಎನ್ನುವುದಾದರೆ ಗ್ರೀಸ್ ದೇಶಕ್ಕೆ ಹೋಗೋಣ. ಅಲ್ಲಿನ ಕಾಲಾಳುಗಳು ಸಾಲುಸಾಲಾಗಿ ಒತ್ತಾಗಿ ನಿಂತು ಕಾದುತ್ತಿದ್ದರು. ಎಡಗೈಯಲ್ಲಿ ದೊಡ್ಡ ದುಂಡು ಗುರಾಣಿ, ಬಲಗೈಯಲ್ಲಿ ಭರ್ಜಿ. ಗುರಾಣಿಯ ಒಂದು ಭಾಗ ಹಿಡಿದವನನ್ನು ಕಾಯುತ್ತಿತ್ತು, ಮಿಕ್ಕ ಭಾಗ ಅವನ ಎಡಕ್ಕೆ ನಿಂತವನ ಬಲಮಗ್ಗುಲನ್ನು ಕಾಯುತ್ತಿತ್ತು. ಕ್ರಿಸ್ತಪೂರ್ವ 418ರಲ್ಲಿ ಮಂಟಿನೀಯದಲ್ಲಿ ನಡೆದ ಯುದ್ಧವನ್ನು ವರ್ಣಿಸುವಾಗ ಥುಸಿಡಿಡೀಸ್ ಎಂಬ ಇತಿಹಾಸಕಾರ ಒಂದು ಸಂಗತಿ ಬರೆದಿಟ್ಟಿದ್ದಾನೆ. ಇವನು ಕುರ್ಚಿಯಲ್ಲಿ ಕುಳಿತು ಬರೆದವನಲ್ಲ, ಸ್ವತಃ ದಂಡನಾಯಕನಾಗಿದ್ದವನು. ಸೇನೆಗಳು ಎದುರಾಳಿಯ ಕಡೆಗೆ ನಡೆಯುವಾಗ ಎಲ್ಲ ಸೇನೆಗಳೂ ತಮಗರಿವಿಲ್ಲದೆ ಬಲಕ್ಕೆ ಸರಿಯುತ್ತವಂತೆ. ಕಾರಣ, ಪ್ರತಿಯೊಬ್ಬನೂ ಗುರಾಣಿಯಿಲ್ಲದ ತನ್ನ ಬಲಮಗ್ಗುಲನ್ನು ಪಕ್ಕದವನ ಗುರಾಣಿಯ ಮರೆಗೆ ತರಲು ನೋಡುತ್ತಾನೆ. ಇದಕ್ಕೆ ಅವನು ಕೊಟ್ಟ ಹೆಸರು ಭಯ.

ಹತ್ತು ಸಾವಿರ ಜನರ ಸೇನೆ ಭಯದಿಂದ ಓರೆಯಾಗಿ ನಡೆಯುತ್ತದೆ! ಅದರಲ್ಲಿ ಹೆಸರಾಂತ ಸ್ಪಾರ್ಟಾದವರೂ ಸೇರಿದ್ದಾರೆ. ಹಿಂದಿನವರಿಗೆ ಭಯ ಗೊತ್ತಿರಲಿಲ್ಲ ಎನ್ನುವವರು ಇದನ್ನು ಓದಿಲ್ಲವೋ, ಓದಿ ಮರೆತಿದ್ದಾರೋ? ಹೆದರಿಕೊಂಡೇ ಅವರು ಮುಂದಕ್ಕೆ ನಡೆದರೆಂಬುದೇ ಇಲ್ಲಿ ನೋಡಬೇಕಾದ ಸಂಗತಿ. ಪಕ್ಕದವನ ಗುರಾಣಿ ತನ್ನ ಮೇಲಿದೆ, ತನ್ನ ಗುರಾಣಿ ಇನ್ನೊಬ್ಬನ ಮೇಲಿದೆ. ತಾನು ಓಡಿದರೆ ಅವನು ಸಾಯುತ್ತಾನೆ. ಶಿರಸ್ತ್ರಾಣ ಕಳೆದುಕೊಂಡವನನ್ನು ಬಿಟ್ಟು ಗುರಾಣಿ ಬಿಸುಟವನನ್ನೇ ಸ್ಪಾರ್ಟಾದವರು ಹೀನಾಯವಾಗಿ ಕಂಡದ್ದು ಈ ಕಾರಣಕ್ಕೇ. ಗಿರಣಿಯ ಗೇಟಿನ ಮುಂದೆ ಸಾಲಾಗಿ ನಿಂತು ಬಲ್ಲವರಿಗೆ, ಪಕ್ಕದ ಅಂಗಡಿಯವನು ಬಾಗಿಲು ಹಾಕಿದ್ದಾನೆಯೇ ಎಂದು ನೋಡಿ ತಾವೂ ಹಾಕಿದ ವ್ಯಾಪಾರಿ ಬಂಧುಗಳಿಗೆ, ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಫ್ರಾನ್ಸಿನ ಕರ್ನಲ್ ಆರ್ದಾಂ ದ್ಯು ಪೀಕ್ ಎಂಬಾತ 1870ರ ಯುದ್ಧದಲ್ಲಿ ಮೆಟ್ಸ್ ನಗರದ ಬಳಿ ಗಾಯಗೊಂಡು ಸತ್ತ. ಅದಕ್ಕೆ ಮುಂಚೆ ಅವನು ಹಳೆಯ ಕಾಳಗಗಳನ್ನೆಲ್ಲ ಅಭ್ಯಾಸ ಮಾಡಿ, ಪ್ರಾಚೀನ ಯುದ್ಧಗಳಲ್ಲಿ ಎದುರುಬದುರು ನಿಂತಿರುವಷ್ಟು ಹೊತ್ತು ಸತ್ತವರು ಕಡಿಮೆ, ಒಂದು ಪಕ್ಷದ ಸಾಲು ಮುರಿದು ಓಟ ಕಿತ್ತ ಮೇಲೆ ಬೆನ್ನಿಗೆ ಏಟು ತಿಂದು ಸತ್ತವರೇ ಬಹಳ, ಎಂದು ತೋರಿಸಿದ. ಸೈನಿಕನ ಎದೆಯೊಳಗೆ ಏನು ನಡೆಯುತ್ತದೆಂದು ತಿಳಿಯಲು ತನ್ನ ಜೊತೆಯ ಅಧಿಕಾರಿಗಳಿಗೆ ಪ್ರಶ್ನಾವಳಿ ಕಳಿಸಿದ ಮನುಷ್ಯ ಅವನು. ಅವನ ಬರವಣಿಗೆಯಲ್ಲಿ ಭಯವಿಲ್ಲದ ವೀರ ಒಬ್ಬನೂ ಇಲ್ಲ. ಭಯವನ್ನು ತಡೆದು ನಿಲ್ಲಿಸುವ ಶಿಸ್ತು, ಪರಸ್ಪರ ಪರಿಚಯ, ನಂಬಿಕೆ ಇವು ಮಾತ್ರ ಇವೆ.

ಇನ್ನು ಹೇಡಿ ಎಂಬ ಪಟ್ಟಿ ಹಚ್ಚುವ ಕೆಲಸ. ಇದರಲ್ಲಿ ಸ್ಪಾರ್ಟಾದವರು ನಮ್ಮ ಮಹನೀಯರ ಗುರುಗಳು. ಕ್ರಿಸ್ತಪೂರ್ವ 480ರಲ್ಲಿ ಥರ್ಮಾಪಿಲೇ ಕಣಿವೆಯಲ್ಲಿ ಲಿಯೋನಿಡಾಸನ 300 ಜನ ಮಡಿದ ಕಥೆಯನ್ನು ಹಲವರು ಕೇಳಿರಬಹುದು. ಆ ಪೈಕಿ ಇಬ್ಬರಿಗೆ ಕಣ್ಣು ಬೇನೆ ಬಂದು ದೊರೆಯೇ ಅವರನ್ನು ಹಿಂದಕ್ಕೆ ಕಳಿಸಿದ್ದ. ಯೂರಿಟಸ್ ಎಂಬವನು ಕಣ್ಣು ಕಾಣದಿದ್ದರೂ ತನ್ನ ಆಳಿನ ಕೈಹಿಡಿದು ರಣರಂಗಕ್ಕೆ ಬಂದು ಸತ್ತ. (ಆ ಆಳು ಒಡೆಯನನ್ನು ತಂದು ಬಿಟ್ಟು ಓಡಿಹೋದನೆಂದು ಹೆರೊಡೋಟಸ್ ಬರೆಯುತ್ತಾನೆ. ಅವನು ಹೆಲಟ್, ಅಂದರೆ ಸ್ಪಾರ್ಟಾದವರ ಹೊಲದಲ್ಲಿ ದುಡಿಯುವ ಜೀತದವನು. ಯಾರ ನೆಲಕ್ಕಾಗಿ, ಯಾರ ಸ್ವಾತಂತ್ರ್ಯಕ್ಕಾಗಿ ಅವನು ಸಾಯಬೇಕಾಗಿತ್ತು? ನಾವಂತೂ ಅವನನ್ನು ಹೇಡಿ ಎನ್ನಲಾರೆವು.) ಎರಡನೆಯವನು ಅರಿಸ್ಟೋಡೆಮಸ್. ಅವನು ಊರಿಗೆ ಮರಳಿದ. ಊರಿನಲ್ಲಿ ಅವನಿಗೆ ಯಾರೂ ಒಲೆ ಹಚ್ಚಲು ಬೆಂಕಿ ಕೊಡಲಿಲ್ಲ, ಯಾರೂ ಮಾತಾಡಿಸಲಿಲ್ಲ. ನಡುಗುವವನು ಎಂದೇ ಅವನ ಹೆಸರಾಯಿತು. ಬೆಂಕಿ ನೀರು ನಿಲ್ಲಿಸುವ ಬಹಿಷ್ಕಾರ ನಮ್ಮ ಹಳ್ಳಿಗಳಲ್ಲಿ ಮಾತ್ರ ಇತ್ತೆಂದು ತಿಳಿದವರು ಇದನ್ನು ಗಮನಿಸಬೇಕು. ಮರುವರ್ಷ ಪ್ಲಾಟೀಯದ ಕಾಳಗದಲ್ಲಿ ಅವನು ಸಾಲು ಬಿಟ್ಟು ಮುನ್ನುಗ್ಗಿ, ಎಲ್ಲರಿಗಿಂತ ಹೆಚ್ಚಾಗಿ ಕಾದಿ ಸತ್ತ. ಆಗಲಾದರೂ ಗೌರವ ಕೊಟ್ಟರೆ? ಇಲ್ಲ. ಅವನು ಅಪಮಾನ ತಾಳಲಾರದೆ ಸಾಯಲೆಂದೇ ಕಾದಿದನು, ಆದ್ದರಿಂದ ಅದು ಶೌರ್ಯವಲ್ಲವೆಂದು ತೀರ್ಮಾನಿಸಿದರು. ಬದುಕಿದರೆ ಹೇಡಿ, ಸತ್ತರೂ ಲೆಕ್ಕಕ್ಕಿಲ್ಲ!

ರೋಮಿನವರ ವಿಧಾನ ಇನ್ನೂ ಸರಳ. ಹೆದರಿ ಓಡಿದ ತುಕಡಿಯಲ್ಲಿ ಚೀಟಿಯೆತ್ತಿ ಹತ್ತಕ್ಕೊಬ್ಬನನ್ನು ಆರಿಸಿ, ಉಳಿದ ಒಂಬತ್ತು ಜನರ ಕೈಯಿಂದಲೇ ಹೊಡೆಸಿ ಕೊಲ್ಲಿಸುವುದು. ಬಿಟ್ಟುಹೋಗಿದ್ದ ಈ ಹಳೆಯ ಶಿಕ್ಷೆಯನ್ನು ಕ್ರಿಸ್ತಪೂರ್ವ 71ರ ಸುಮಾರಿಗೆ ಮತ್ತೆ ಜಾರಿಗೆ ತಂದವನು ಕ್ರಾಸಸ್, ರೋಮಿನ ಅತಿದೊಡ್ಡ ಶ್ರೀಮಂತ. ಯಾರ ಮೇಲಿನ ಯುದ್ಧದಲ್ಲಿ? ಸ್ಪಾರ್ಟಕಸನ ನಾಯಕತ್ವದಲ್ಲಿ ಎದ್ದ ಗುಲಾಮರ ಮೇಲಿನ ಯುದ್ಧದಲ್ಲಿ. ಗುಲಾಮರಿಗೆ ಹೆದರಿದ ಬಡ ಸಿಪಾಯಿಗೆ ಧಣಿಯ ಭಯವನ್ನು ಅದಕ್ಕಿಂತ ದೊಡ್ಡದಾಗಿ ಮಾಡಬೇಕಾಗಿತ್ತು.

ಹಿಂದಿನ ಕಾಳಗ ಹೆಚ್ಚಾಗಿ ಒಂದು ಹಗಲಿನಲ್ಲಿ ಮುಗಿಯುತ್ತಿತ್ತು. ಕೊಲ್ಲುವವನ ಮುಖ ಕಾಣುತ್ತಿತ್ತು. ಈ ಕಾಲದ ಯುದ್ಧದಲ್ಲಿ ಮುಖವಿಲ್ಲ. ಮೈಲಿಗಟ್ಟಲೆ ದೂರದ ಫಿರಂಗಿಯಿಂದ ಬಂದು ಬೀಳುವ ಗುಂಡಿಗೆ ನಿನ್ನ ತೋಳುಬಲವೂ ಗೊತ್ತಿಲ್ಲ, ಕುಲವೂ ಗೊತ್ತಿಲ್ಲ. 1916ರ ಜುಲೈ 1ರಂದು ಸೋಮ್ ನದಿಯ ಯುದ್ಧದ ಮೊದಲ ದಿನವೇ ಬ್ರಿಟಿಷ್ ಸೇನೆಯಲ್ಲಿ 19,240 ಜನ ಸತ್ತರು. ಕಂದಕದ ಕೆಸರಿನಲ್ಲಿ ಇಲಿಗಳ ಜೊತೆ ವಾರಗಟ್ಟಲೆ ಕುಳಿತು, ಮುಂದಿನ ಗುಂಡು ಎಲ್ಲಿ ಬೀಳುವುದೋ ಎಂದು ಕಾಯುವುದೇ ಅಲ್ಲಿ ಸೈನಿಕನ ಕೆಲಸ. ಬಡಿದಾಡಲು ಎದುರಿಗೆ ಯಾರೂ ಇಲ್ಲ, ಓಡಲು ಜಾಗವೂ ಇಲ್ಲ. ಗಾಯವೇ ಇಲ್ಲದ ಜನ ಕಣ್ಣು ಕಾಣದೆ, ಮಾತು ಬಾರದೆ, ಕೈಕಾಲು ನಡುಗುತ್ತ ಆಸ್ಪತ್ರೆಗೆ ಬರತೊಡಗಿದರು. ವೈದ್ಯರು ಶೆಲ್ ಶಾಕ್ ಎಂದು ಹೆಸರಿಟ್ಟರು. ಹೊಸ ರೋಗವೆಂದು ಬೆರಗಾದರು. ಇದು ಅಷ್ಟೇನೂ ಹೊಸದಲ್ಲ. ಕ್ರಿಸ್ತಪೂರ್ವ 490ರ ಮ್ಯಾರಥಾನ್ ಕಾಳಗದಲ್ಲಿ ಎಪಿಝೀಲಸ್ ಎಂಬ ಅಥೆನ್ಸಿನವನು ಒಂದು ಏಟೂ ಬೀಳದೆ ಕಣ್ಣು ಕಳೆದುಕೊಂಡನೆಂದು ಅದೇ ಹೆರೊಡೋಟಸ್ ಬರೆದಿದ್ದಾನೆ. ಭಾರಿ ಗಡ್ಡದ ದೈತ್ಯಾಕೃತಿಯೊಂದು ಎದುರಿಗೆ ಬಂದು, ತನ್ನನ್ನು ಬಿಟ್ಟು ಪಕ್ಕದವನನ್ನು ಕೊಂದಿತೆಂದು ಅವನು ಹೇಳುತ್ತಿದ್ದನಂತೆ. ಮುಂದೆ ಬದುಕಿರುವವರೆಗೂ ಅವನಿಗೆ ಕಣ್ಣು ಬರಲಿಲ್ಲ. ಅವನನ್ನು ಅಥೆನ್ಸಿನವರು ಕೊಲ್ಲಲಿಲ್ಲ. ಎರಡೂವರೆ ಸಾವಿರ ವರ್ಷ ಮುಂದುವರಿದ ನಾಗರಿಕತೆ ಏನು ಮಾಡಿತೆಂಬುದನ್ನು ಕೇಳಿರಿ.

ಹ್ಯಾರಿ ಫಾರ್ ಎಂಬ ಬ್ರಿಟಿಷ್ ಸಿಪಾಯಿ 1915ರಲ್ಲಿ ಈ ಶೆಲ್ ಶಾಕಿನಿಂದ ಐದು ತಿಂಗಳು ಆಸ್ಪತ್ರೆಯಲ್ಲಿದ್ದ. ಗುಣವಾಯಿತೆಂದು ಮತ್ತೆ ರಣರಂಗಕ್ಕೆ ಕಳಿಸಿದರು. 1916ರ ಸೆಪ್ಟೆಂಬರಿನಲ್ಲಿ ಅವನು, ಫಿರಂಗಿಯ ಸದ್ದು ತಾಳಲಾರೆ, ಮುಂದಕ್ಕೆ ಹೋಗಲಾರೆ ಎಂದ. ವಿಚಾರಣೆ ನಡೆದದ್ದು ಇಪ್ಪತ್ತು ನಿಮಿಷದಷ್ಟು. ಅವನ ಪರವಾಗಿ ವಾದಿಸುವವರು ಯಾರೂ ಇರಲಿಲ್ಲ. ಅಕ್ಟೋಬರಿನಲ್ಲಿ ಮುಂಜಾನೆ ಕಂಬದ ಮುಂದೆ ನಿಲ್ಲಿಸಿ ಅವನದೇ ಸೈನ್ಯದವರಿಂದ ಗುಂಡು ಹಾರಿಸಿ ಕೊಂದರು. ವಯಸ್ಸು 25. ಹೆಂಡತಿಗೂ ಮಗುವಿಗೂ ಬರಬೇಕಾದ ಮಾಸಾಶನ ನಿಂತಿತು. ಹೀಗೆ ಹೇಡಿತನ, ಪಲಾಯನ ಮೊದಲಾದ ಆರೋಪಗಳ ಮೇಲೆ ಕೊಂದ 306 ಜನರಿಗೆ ಬ್ರಿಟನ್ ಸರಕಾರ ಕ್ಷಮೆ ನೀಡಿದ್ದು 2006ರಲ್ಲಿ, 90 ವರ್ಷದ ಮೇಲೆ! ಅದೂ ಆ ಸಿಪಾಯಿಯ ಮಗಳು ಮುದುಕಿಯಾಗುವವರೆಗೆ ಹೋರಾಡಿದ್ದರಿಂದ. ಹೀಗೆ ಸತ್ತವರಲ್ಲಿ ಅಧಿಕಾರಿ ದರ್ಜೆಯವರು ಬೆರಳಲ್ಲಿ ಎಣಿಸುವಷ್ಟು. ಅಧಿಕಾರಿಗಳಿಗೆ ನಡುಕ ಬಂದರೆ ನರದೌರ್ಬಲ್ಯವೆಂದು ಹೆಸರಿಟ್ಟು, ತೋಟವಿರುವ ಆಸ್ಪತ್ರೆಗಳಿಗೆ ಕಳಿಸುತ್ತಿದ್ದರು. ನಾವು ಅದನ್ನು ತಪ್ಪೆನ್ನುವುದಿಲ್ಲ. ಸಿಪಾಯಿಗೂ ಅದೇ ಆಸ್ಪತ್ರೆ ಸಿಗಬೇಕಾಗಿತ್ತೆನ್ನುತ್ತೇವೆ.

1943ರ ಆಗಸ್ಟಿನಲ್ಲಿ ಸಿಸಿಲಿಯ ಆಸ್ಪತ್ರೆಯೊಂದರಲ್ಲಿ ಅಮೆರಿಕದ ಜನರಲ್ ಪ್ಯಾಟನ್ ಸಾಹೇಬರು ಮೈಮೇಲೆ ಗಾಯವಿಲ್ಲದ ಸಿಪಾಯಿಯೊಬ್ಬನನ್ನು ಹೇಡಿಯೆಂದು ಬೈದು ಕೆನ್ನೆಗೆ ಹೊಡೆದರು. ಆಮೇಲೆ ನೋಡಿದರೆ ಅವನಿಗೆ ಮಲೇರಿಯಾ ಜ್ವರ. ವಾರದೊಳಗೆ ಇನ್ನೊಬ್ಬನಿಗೂ ಹೊಡೆದರು. ಮೇಲಧಿಕಾರಿ ಐಸೆನ್‌ಹೋವರರು ಅವರಿಂದ ಕ್ಷಮೆ ಕೇಳಿಸಿದರು ಎಂಬುದಷ್ಟೇ ಸಮಾಧಾನ.

ನಮ್ಮ ದೇಶಕ್ಕೆ ಬರೋಣ. 1914ರಲ್ಲಿ ಫ್ರಾನ್ಸಿಗೆ ಇಳಿದ ಭಾರತದ ಸಿಪಾಯಿಗಳ ಮೈಮೇಲಿದ್ದದ್ದು ಬಿಸಿಲುನಾಡಿನ ಹತ್ತಿಬಟ್ಟೆ, ಎದುರಿಗೆ ಯುರೋಪಿನ ಚಳಿಗಾಲ. ಅದು ಪರದೇಶಿ ಸರಕಾರ, ಹೋಗಲಿ. 1962ರಲ್ಲಿ ನಮ್ಮದೇ ಸರಕಾರ ಹಿಮಾಲಯದ ನೆತ್ತಿಗೆ ಕಳಿಸಿದ ಜವಾನರಲ್ಲಿ ಎಷ್ಟೋ ಜನರ ಮೈಮೇಲಿದ್ದದ್ದೂ ಹತ್ತಿಬಟ್ಟೆಯೇ, ಕಾಲಲ್ಲಿ ಕ್ಯಾನ್ವಾಸ್ ಬೂಟು, ಕೈಯಲ್ಲಿ ಮಹಾಯುದ್ಧದ ಕಾಲದ ರೈಫಲು. ಆ ನವೆಂಬರ್ 18ರಂದು ಲಡಾಖಿನ ರೆಜಾಂಗ್ ಲಾದಲ್ಲಿ, 16,000 ಅಡಿಗೂ ಮೇಲೆ, ಮೇಜರ್ ಶೈತಾನ್ ಸಿಂಗರ ಕೈಕೆಳಗೆ ಕುಮಾವ್ ರೆಜಿಮೆಂಟಿನ ಸುಮಾರು 120 ಜನ ಇದ್ದರು. ಬಹುಪಾಲು ಇಂದಿನ ಹರಿಯಾಣದ ಅಹೀರ ರೈತರ ಮಕ್ಕಳು. ನಡುವೆ ಗುಡ್ಡ ಅಡ್ಡವಿದ್ದುದರಿಂದ ಹಿಂದಿನಿಂದ ಫಿರಂಗಿಯ ನೆರವಿಲ್ಲ. 114 ಜನ ಸತ್ತರು. ಬದುಕಿ ಬಂದ ಕೆಲವರು ನಡೆದದ್ದನ್ನು ಹೇಳಿದಾಗ ಮೊದಲಿಗೆ ನಂಬಿದವರು ಕಡಿಮೆ. 1963ರ ಆರಂಭದಲ್ಲಿ ಹಿಮದಡಿಯ ಹೆಣಗಳು ಸಿಕ್ಕವು. ಕೈಯಲ್ಲಿ ಹಿಡಿದ ಆಯುಧ ಹಿಡಿದಂತೆಯೇ ಇತ್ತು. ಅಷ್ಟಾದ ಮೇಲೆ ನಂಬಿದರು. ನಮ್ಮ ದೇಶದಲ್ಲಿ ಬಡವನ ಧೈರ್ಯಕ್ಕೆ ಹೆಣವೇ ಸರ್ಟಿಫಿಕೇಟು.

ಪೂರ್ವದ ಗಡಿಯಲ್ಲಿ ಅದೇ ಯುದ್ಧ ಬೇರೆ ರೀತಿಯಾಯಿತು. ತುಕಡಿಗಳು ಮುರಿದು ಕಾಡುಪಾಲಾದವು. ಅಲ್ಲಿದ್ದವರೂ ಇದೇ ದೇಶದ ರೈತರ ಮಕ್ಕಳಲ್ಲವೇ? ಇಲ್ಲಿ ಧೈರ್ಯವಿದ್ದ ರಕ್ತ ಅಲ್ಲಿ ನೀರಾಯಿತೇ? ಅಲ್ಲಿನ ದಂಡನಾಯಕ ಲೆಫ್ಟಿನೆಂಟ್ ಜನರಲ್ ಕೌಲರು ಯುದ್ಧ ಹೊತ್ತಿಕೊಳ್ಳುವ ಮುನ್ನಾದಿನಗಳಲ್ಲಿ ಕಾಯಿಲೆ ಬಿದ್ದು ದಿಲ್ಲಿಗೆ ಹಾರಿ, ಮನೆಯ ಹಾಸಿಗೆಯಿಂದಲೇ ಆಜ್ಞೆಗಳನ್ನು ಕೊಡುತ್ತಿದ್ದರು. ಕಾಯಿಲೆ ಯಾರಿಗೂ ಬರಬಹುದು. ಸಿಪಾಯಿಗೆ ಬಂದಾಗ ಅದರ ಹೆಸರು ಬದಲಾಗುವುದಷ್ಟೇ ನಮ್ಮ ತಕರಾರು. ಆ ಸೋಲಿಗೆ ಕಾರಣ ಹುಡುಕಿ ಲೆಫ್ಟಿನೆಂಟ್ ಜನರಲ್ ಹೆಂಡರ್ಸನ್ ಬ್ರೂಕ್ಸ್ ಮತ್ತು ಬ್ರಿಗೇಡಿಯರ್ ಭಗತ್ 1963ರಲ್ಲಿ ವರದಿ ಕೊಟ್ಟರು. ಅರವತ್ತು ವರ್ಷ ಕಳೆದ ಮೇಲೂ ಬಂದುಹೋದ ಸರಕಾರಗಳೆಲ್ಲ, ಪಕ್ಷ ಯಾವುದಾದರೂ ಸರಿ, ಅದನ್ನು ಬೀಗದಲ್ಲಿಟ್ಟವು. 2014ರಲ್ಲಿ ನೆವಿಲ್ ಮ್ಯಾಕ್ಸ್‌ವೆಲ್ ಎಂಬ ವಿದೇಶಿ ಪತ್ರಕರ್ತರು ಅದರ ಒಂದು ಭಾಗವನ್ನು ಬಹಿರಂಗ ಮಾಡಬೇಕಾಯಿತು. ಹಿಮದಲ್ಲಿ ನಿಂತ ಜವಾನ ಗುಂಡಿಗೆ ಎದೆಯೊಡ್ಡಬೇಕು. ಕುರ್ಚಿಯಲ್ಲಿ ಕುಳಿತವರಿಗೆ ಒಂದು ಕಾಗದದ ಕಟ್ಟನ್ನು ಬಿಚ್ಚುವ ಧೈರ್ಯ ಬೇಡವೇ?

ರಕ್ತದ ಮಾತಿಗೆ ಹೆಚ್ಚು ಸ್ಥಳ ಕೊಡುವುದಿಲ್ಲ. ಯಾವ ಜಾತಿ ಶೂರ, ಯಾವ ಜಾತಿ ಪುಕ್ಕಲು ಎಂದು ಪಟ್ಟಿ ಮಾಡಿದ್ದು 1857ರ ನಂತರದ ಬ್ರಿಟಿಷರು. ದಕ್ಷಿಣದವರು ಮೆತ್ತಗಾದರೆಂದು ಲಾರ್ಡ್ ರಾಬರ್ಟ್ಸ್ ತೀರ್ಮಾನಿಸಿ ಮದರಾಸು ಪಡೆಗಳನ್ನು ಕತ್ತರಿಸಿದರು. ಮಹಾರರ ಭರ್ತಿಯನ್ನು 1892ರ ಸುಮಾರಿಗೆ ನಿಲ್ಲಿಸಿದರು. ಅಂಬೇಡ್ಕರರ ತಂದೆ ಅದೇ ಸೈನ್ಯದಲ್ಲಿ ಸುಬೇದಾರರಾಗಿದ್ದವರು. ಮಹಾಯುದ್ಧದಲ್ಲಿ ಜನ ಸಾಲದಾದಾಗ 1917ರಲ್ಲಿ ಮಹಾರರನ್ನು ಕರೆದರು, ಮುಗಿದ ಮೇಲೆ 1921ರಲ್ಲಿ ಮನೆಗೆ ಕಳಿಸಿದರು, 1941ರಲ್ಲಿ ಮತ್ತೆ ಕರೆದರು. ಬದಲಾದದ್ದು ಮಹಾರರ ರಕ್ತವೋ, ಸಾಹೇಬರ ಗರಜೋ? ಮೆತ್ತಗಾದ ಈ ದಕ್ಷಿಣದಿಂದಲೇ ಹೋದ ಮೈಸೂರು ಸಂಸ್ಥಾನದ ಕುದುರೆ ದಳ 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಸೇರಿ, ಮೆಷಿನ್‌ಗನ್ನುಗಳ ಎದುರಿಗೆ ಈಟಿ ಕತ್ತಿ ಹಿಡಿದು ಹೈಫಾ ಪಟ್ಟಣವನ್ನು ಗೆದ್ದಿತು.

ಈಗ ಪಿಂಚಣಿ ಕೇಳುವ ಹೇಡಿಗಳ ವಿಷಯ. ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ದೇವಸ್ಥಾನದ ಪಕ್ಕದಲ್ಲಿ, ಕೆರೆಯ ಏರಿಯ ಮೇಲೆ ನಿಂತಿರುವ ವೀರಗಲ್ಲುಗಳಿಗೆ ಮಹನೀಯರು ಕೈಮುಗಿದರು. ಸಂತೋಷ. ಕಲ್ಲಿನ ಮೇಲಿನ ಅಕ್ಷರಗಳನ್ನೂ ಓದಿಸಿದ್ದರೆ ಇನ್ನೂ ಸಂತೋಷವಾಗುತ್ತಿತ್ತು. ತುರು ಬಿಡಿಸಲು ಹೋಗಿ, ಊರಳಿವನ್ನು ತಡೆಯಲು ಹೋಗಿ ಸತ್ತವನ ಮನೆಯವರಿಗೆ ಭೂಮಿ ಬಿಟ್ಟುಕೊಟ್ಟದ್ದನ್ನು ಎಷ್ಟೋ ಶಾಸನಗಳು ಹೇಳುತ್ತವೆ. ಆ ಭೂಮಿಗೆ ನೆತ್ತರುಗೊಡಗೆ ಎಂದು ಹೆಸರು. ತಾನು ಬಿದ್ದರೆ ಹೆಂಡತಿ ಮಕ್ಕಳಿಗೆ ಗದ್ದೆಯುಂಟು ಎಂಬುದು ತಿಳಿದೇ ಆ ವೀರ ಮುಂದಕ್ಕೆ ಹೋದ. ಸಾವಿರ ವರ್ಷದ ಹಿಂದಿನ ಅರಸರಿಗೆ ಇದ್ದ ಈ ತಿಳಿವಳಿಕೆ 2022ರ ಜೂನಿನಲ್ಲಿ ಅಗ್ನಿಪಥ ಯೋಜನೆಯನ್ನು ಸಾರಿದವರಿಗೆ ಇರಲಿಲ್ಲ. ನಾಲ್ಕು ವರ್ಷದ ನೌಕರಿ. ಆಮೇಲೆ ನೂರಕ್ಕೆ 25ರವರೆಗೆ ಮಾತ್ರ ಖಾಯಂ. ಉಳಿದವರಿಗೆ ಸುಮಾರು 11.71 ಲಕ್ಷ ರೂಪಾಯಿ ಇಡಿಗಂಟು ಕೊಟ್ಟು ಕಳಿಸುವುದು, ಪಿಂಚಣಿಯಿಲ್ಲ. ಸತ್ತರೆ 48 ಲಕ್ಷದ ವಿಮೆಯುಂಟು ಎಂಬುದನ್ನೂ ಹೇಳಿಬಿಡುತ್ತೇವೆ, ಮುಚ್ಚಿಡುವುದಿಲ್ಲ. ಆದರೆ ನಮಗೆ ಕಾಣುವ ದೊಡ್ಡ ನಷ್ಟ ದುಡ್ಡಿನದಲ್ಲ. ಒಬ್ಬರನ್ನೊಬ್ಬರು ಬಲ್ಲವರ ಸಾಲು ನಿಲ್ಲುತ್ತದೆಂದು ಗ್ರೀಸಿನವರಿಂದ ದ್ಯು ಪೀಕನವರೆಗೆ ಎಲ್ಲರೂ ಹೇಳಿದರಲ್ಲ. ನಾಲ್ವರಲ್ಲಿ ಮೂವರು ಮನೆಗೆ ಹೋಗಬೇಕು, ಒಬ್ಬ ಮಾತ್ರ ಉಳಿಯಬೇಕು ಎಂದಮೇಲೆ ಪಕ್ಕದವನು ಗುರಾಣಿಯೋ, ಪೈಪೋಟಿಗಾರನೋ?

ಹೋಟೆಲಿನಲ್ಲಿ ಹವಾಲ್ದಾರರು ಎರಡನೆಯ ಚಹಾದ ಹೊತ್ತಿಗೆ ಒಂದು ರಾತ್ರಿಯ ಕಥೆ ಹೇಳಿದರು. ಯಾವ ಗಡಿ, ಯಾವ ವರ್ಷ ಎಂಬುದನ್ನು ಹೇಳಲಿಲ್ಲ, ನಾವು ಕೇಳಲೂ ಇಲ್ಲ. ಮೇಲಿನಿಂದ ಮಾರ್ಟರ್ ಗುಂಡು ಬೀಳುತ್ತಿತ್ತು. ಪಕ್ಕದ ಹುಡುಗನ ಹಲ್ಲು ಕಟಕಟಿಸುವುದು ಕೇಳುತ್ತಿತ್ತು, ತಮ್ಮ ಚಡ್ಡಿ ಒದ್ದೆಯಾದದ್ದೂ ಗೊತ್ತಾಯಿತು. ಆಗ ಅವರ ಸುಬೇದಾರರು ಸಾಲಿನುದ್ದಕ್ಕೂ ತೆವಳಿಕೊಂಡು ಬಂದು, ಒಬ್ಬೊಬ್ಬರ ಬೂಟು ಮುಟ್ಟಿ, ಹೆಸರು ಹಿಡಿದು ಕರೆದು ಮುಂದಕ್ಕೆ ಹೋದರು. "ಅಷ್ಟೇ ಮಾಡಿದ್ದು. ಬೆಳಗಿನವರೆಗೆ ಯಾರೂ ಜಾಗ ಬಿಡಲಿಲ್ಲ" ಎಂದರು.

ಎದುರಿನ ಶಾಮಿಯಾನದಲ್ಲಿ ಮತ್ತೆ ಚಪ್ಪಾಳೆ ಬಿತ್ತು. ಹವಾಲ್ದಾರರು ಕೈಚೀಲದಿಂದ ಒಂದು ಕಾಗದ ತೆಗೆದು, ಇಂಗ್ಲಿಷಿನಲ್ಲಿದೆ, ಓದಿ ಹೇಳಿ ಎಂದು ನಮ್ಮ ಕೈಗೆ ಕೊಟ್ಟರು. ಪಿಂಚಣಿ ಕಚೇರಿಯಿಂದ ಬಂದದ್ದು. ಹಿಂದೆ ಎರಡು ಸಲ ಕಳಿಸಿದ್ದ ದಾಖಲೆಯನ್ನೇ ಮೂರನೆಯ ಸಲ ಕೇಳಿದ್ದರು. ಓದಿ ಹೇಳಿದೆವು. ಅವರು ಅದನ್ನು ನಾಲ್ಕು ಮಡಿಕೆ ಮಡಿಸಿ ಜೇಬಿಗಿಟ್ಟುಕೊಂಡು, ಆರು ಗಂಟೆಯ ಬಸ್ಸು ತಪ್ಪಿದರೆ ಊರಿಗೆ ಇನ್ನೊಂದಿಲ್ಲವೆಂದು ಎದ್ದರು.